ಕ್ವಾಡ್ ಸವಾರಿಗೆ ಯಾವ ಹೆಲ್ಮೆಟ್? ಹೆಲ್ಮೆಟ್ ಜೊತೆ ಇನ್ನೇನು ಬೇಕು?

2025ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮತ್ತು ಸರಕುಗಳ ಗುಣಮಟ್ಟ ನೋಡುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಜನರಿಗೆ ಒಂದು ಮನವಿ ಮಾಡಿದವು. ಐಎಸ್‌ಐ ಗುರುತು ಇರುವ ಹೆಲ್ಮೆಟ್ ಮಾತ್ರ ಕೊಳ್ಳಿ, ರಸ್ತೆ ಬದಿಯಲ್ಲಿ ಸಿಗುವ ಗುರುತಿಲ್ಲದ ಹೆಲ್ಮೆಟ್ ಬೇಡ ಅಂತ. ಆ ಹೊತ್ತಿಗೆ ದೇಶದಲ್ಲಿ 176 ತಯಾರಕರಿಗೆ ಹೆಲ್ಮೆಟ್ ಲೈಸೆನ್ಸ್ ಇತ್ತು. ಅದಕ್ಕೆ ಸ್ವಲ್ಪ ಮೊದಲು ಸಾರಿಗೆ ಸಚಿವಾಲಯ ಒಂದು ಕರಡು ನಿಯಮ ಹೊರಡಿಸಿತ್ತು. ಹೊಸ ದ್ವಿಚಕ್ರ ವಾಹನದ ಜೊತೆ ಎರಡು ಐಎಸ್‌ಐ ಹೆಲ್ಮೆಟ್ ಕೊಡಬೇಕು ಎಂಬುದು ಅದರಲ್ಲಿದ್ದ ಪ್ರಸ್ತಾಪ.

ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುವವರಿಗೆ ಈ ಸುದ್ದಿಯಲ್ಲಿ ಗೊಂದಲವೇನೂ ಇಲ್ಲ. ಗೊಂದಲ ಆಗಿದ್ದು ಎಟಿವಿ ಅಥವಾ ಕ್ವಾಡ್ ಬೈಕ್ ಓಡಿಸುವವರಿಗೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಸ್ಟೇಟುಗಳಲ್ಲಿ, ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ಈ ನಾಲ್ಕು ಚಕ್ರದ ಗಾಡಿ ಈಗ ಮಾಮೂಲು. ಸ್ವಂತಕ್ಕೆ ಕೊಂಡು ವಾರಾಂತ್ಯ ಕಾಡುದಾರಿ ಹಿಡಿಯುವವರೂ ಇದ್ದಾರೆ. ಇಂಥವರಲ್ಲಿ ಕೆಲವರ ಬಳಿ ಹೊರದೇಶದಿಂದ ತರಿಸಿದ ಹೆಲ್ಮೆಟ್ ಇದೆ. ಅದರ ಮೇಲೆ ಅಮೆರಿಕದ ಡಾಟ್ ಅಥವಾ ಯುರೋಪಿನ ಇಸಿಇ ಗುರುತು ಇದೆ, ಐಎಸ್‌ಐ ಇಲ್ಲ. ಹಾಗಾದರೆ ಅದು ಕಾನೂನಿಗೆ ವಿರುದ್ಧವಾ? ಅಥವಾ ಅಪಾಯಕಾರಿಯಾ? ಇವು ಎರಡು ಬೇರೆ ಬೇರೆ ಪ್ರಶ್ನೆ. ಸುದ್ದಿ ಓದುವಾಗ ಎರಡೂ ಒಂದೇ ಅನ್ನಿಸುತ್ತದೆ, ಅಲ್ಲೇ ಎಡವಟ್ಟು.

ನಿಯಮ ಎಲ್ಲಿಯವರೆಗೆ?

ಐಎಸ್‌ಐ ಕಡ್ಡಾಯ ಮಾಡಿದ ಆದೇಶ 2020ರದ್ದು. ಜಾರಿಗೆ ಬಂದದ್ದು 2021ರ ಜೂನ್ 1ರಂದು. ಅದು ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್ ಬಗ್ಗೆ ಇರುವ ಆದೇಶ. ಅಂಥ ಹೆಲ್ಮೆಟ್ ತಯಾರಿಸುವವರು, ಆಮದು ಮಾಡುವವರು, ಮಾರುವವರು ಐಎಸ್ 4151 ಎಂಬ ಮಾನದಂಡ ಪಾಲಿಸಬೇಕು. ಸವಾರರ ವಿಷಯಕ್ಕೆ ಬಂದರೆ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಇದೆ. ಅದು ಹೇಳುವುದು ಸಾರ್ವಜನಿಕ ಸ್ಥಳದಲ್ಲಿ ಮೋಟಾರ್‌ಸೈಕಲ್ ಮೇಲೆ ಹೋಗುವವರ ಬಗ್ಗೆ.

ರೆಸಾರ್ಟಿನ ಕ್ವಾಡ್ ಸಾಮಾನ್ಯವಾಗಿ ರಸ್ತೆಗೆ ನೋಂದಣಿ ಆದ ಗಾಡಿಯೇ ಅಲ್ಲ. ಓಡುವುದು ಖಾಸಗಿ ಜಾಗದೊಳಗೆ. ಹಾಗಾಗಿ ತೋಟದೊಳಗೆ ಇಸಿಇ ಹೆಲ್ಮೆಟ್ ಹಾಕಿ ಕ್ವಾಡ್ ಓಡಿಸಿದರೆ ಯಾರೂ ದಂಡ ಹಾಕುವುದಿಲ್ಲ. ಹೆಲ್ಮೆಟ್ಟೇ ಹಾಕದಿದ್ದರೂ ಅಲ್ಲಿ ಕೇಳಲು ಟ್ರಾಫಿಕ್ ಪೊಲೀಸರು ಇರುವುದಿಲ್ಲ. ಚಿಂತೆ ಆಗಬೇಕಾದ್ದು ಈ ಎರಡನೆಯದರ ಬಗ್ಗೆ. ಕಾನೂನು ಸುಮ್ಮನಿರುವ ಜಾಗದಲ್ಲಿ ಯಾವ ರಕ್ಷಣೆ ಬೇಕು ಅಂತ ಸವಾರರೇ ತೀರ್ಮಾನಿಸಬೇಕು. ಅದಕ್ಕೆ ಮೊದಲು ಕ್ವಾಡ್ ಹೇಗೆ ಬೀಳುತ್ತದೆ ಅಂತ ಗೊತ್ತಿರಬೇಕು.

ಬೈಕ್ ಬಿದ್ದ ಹಾಗೆ ಕ್ವಾಡ್ ಬೀಳುವುದಿಲ್ಲ

ನಾಲ್ಕು ಚಕ್ರ ಇದೆ, ಬ್ಯಾಲೆನ್ಸ್ ಮಾಡಬೇಕಿಲ್ಲ, ಹಾಗಾಗಿ ಬೈಕಿಗಿಂತ ಸುರಕ್ಷಿತ. ಮೊದಲ ಸಲ ಹತ್ತುವ ಎಲ್ಲರಿಗೂ ಹೀಗೇ ಅನ್ನಿಸುತ್ತದೆ. ನಿಂತ ಗಾಡಿಯ ಮಟ್ಟಿಗೆ ಅದು ನಿಜ. ಓಡುವಾಗ ಲೆಕ್ಕವೇ ಬೇರೆ.

ಬೈಕ್ ಸ್ಕಿಡ್ ಆದರೆ ಸಾಮಾನ್ಯವಾಗಿ ಬೈಕ್ ಒಂದು ಕಡೆ, ಸವಾರ ಒಂದು ಕಡೆ ಜಾರುತ್ತಾರೆ. ಕ್ವಾಡ್ ಹಾಗಲ್ಲ. ಅದರ ಅಗಲ ಕಡಿಮೆ, ಸೀಟು ಎತ್ತರ, ಟೈರಿನಲ್ಲಿ ಗಾಳಿ ಕಡಿಮೆ. ಎಷ್ಟೋ ಕ್ವಾಡುಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆ್ಯಕ್ಸಲ್ ಮೇಲೆ ಇರುತ್ತವೆ. ಕಾರಿನಲ್ಲಿ ತಿರುವು ಬಂದಾಗ ಹೊರಗಿನ ಚಕ್ರ ಜಾಸ್ತಿ ಸುತ್ತುತ್ತದೆ, ಒಳಗಿನದು ಕಡಿಮೆ. ಇಲ್ಲಿ ಎರಡೂ ಒಂದೇ ವೇಗ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲು ಹಟ ಮಾಡುತ್ತದೆ. ಸವಾರ ಮೈಭಾರವನ್ನು ತಿರುವಿನ ಒಳಗಡೆಗೆ ವಾಲಿಸಬೇಕು. ಇದು ಗೊತ್ತಿಲ್ಲದವರು ಹ್ಯಾಂಡಲ್ ಇನ್ನೂ ಜೋರಾಗಿ ಎಳೆಯುತ್ತಾರೆ. ಒಳಗಿನ ಚಕ್ರ ಮೇಲೇಳುತ್ತದೆ, ಗಾಡಿ ಪಲ್ಟಿ.

ಏರು ಹತ್ತುವಾಗ ಗಾಡಿ ಹಿಂದಕ್ಕೆ ಮಗುಚಬಹುದು. ಅಡ್ಡ ಇಳಿಜಾರಿನಲ್ಲಿ ಪಕ್ಕಕ್ಕೆ ಮಗುಚಬಹುದು. ಎರಡರಲ್ಲೂ ಗಾಡಿ ಬರುವುದು ಸವಾರನ ಕಡೆಗೇ. ದೊಡ್ಡವರ ಕ್ವಾಡ್ ಇನ್ನೂರೈವತ್ತು ಮುನ್ನೂರು ಕಿಲೋ ತೂಗಬಹುದು. ಅಷ್ಟು ಭಾರ ಎದೆಯ ಮೇಲೆ ನಿಂತರೆ ಮೂಳೆ ಮುರಿಯದಿದ್ದರೂ ಎದೆಗೂಡು ಹಿಗ್ಗುವುದಿಲ್ಲ, ಉಸಿರು ಒಳಗೆ ಹೋಗುವುದಿಲ್ಲ. ಇದಕ್ಕೆ ವೇಗ ಬೇಕಾಗಿಲ್ಲ. ನಡಿಗೆಯ ವೇಗದಲ್ಲೂ ಆಗುತ್ತದೆ. "ಇಲ್ಲಿ ಸ್ಲೋ ಆಗಿ ಓಡಿಸ್ತೀವಿ, ಏನೂ ಆಗಲ್ಲ" ಎಂಬ ಮಾತನ್ನು ನಂಬಬಾರದು ಅನ್ನುವುದು ಇದಕ್ಕೇ.

ಅಮೆರಿಕದಲ್ಲಿ ಇಂಥ ಗಾಡಿಗಳು 1970ರಿಂದ ಇವೆ. ಅಲ್ಲಿ ಪ್ರತಿ ವರ್ಷ ನೂರಾರು ಜನ ಸಾಯುತ್ತಾರೆ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವವರು ಒಂದು ಲಕ್ಷದ ಆಸುಪಾಸು. ಮೊದಲು ಬಂದ ಮೂರು ಚಕ್ರದ ಮಾದರಿ ಎಷ್ಟು ಅಪಾಯಕಾರಿ ಆಗಿತ್ತೆಂದರೆ 1988ರಲ್ಲಿ ಕೋರ್ಟ್ ಒಪ್ಪಂದದ ಮೂಲಕ ಅದರ ಮಾರಾಟ ನಿಲ್ಲಿಸಲಾಯಿತು.

ಆಸ್ಟ್ರೇಲಿಯಾದಲ್ಲಿ ನಡೆದ ವಾದ

ಕವಚ ಹಾಕಿಕೊಂಡರೆ ಸಾಕಾ, ಗಾಡಿಯನ್ನೇ ಸರಿಮಾಡಬೇಕಾ? ಇದರ ಬಗ್ಗೆ ಅತಿ ಗಂಭೀರ ಜಗಳ ನಡೆದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಕ್ವಾಡ್ ಮುಖ್ಯವಾಗಿ ರೈತರ ಗಾಡಿ. ಕ್ವಾಡ್‌ನಿಂದ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಸಾವಿಗೆ ಗಾಡಿ ಮಗುಚಿದ್ದೇ ಕಾರಣ. 2019ರಲ್ಲಿ ಸರ್ಕಾರ ಹೊಸ ಸುರಕ್ಷಾ ಮಾನದಂಡ ತಂದಿತು. 2021ರ ಅಕ್ಟೋಬರ್ 11ರಿಂದ ಸಾಮಾನ್ಯ ಬಳಕೆಯ ಹೊಸ ಕ್ವಾಡ್‌ಗೆ ರಕ್ಷಣಾ ಸಾಧನ ಇರಲೇಬೇಕು ಎಂದಿತು. ಇದು ಸವಾರನ ಬೆನ್ನ ಹಿಂದೆ ನಿಲ್ಲುವ ಕಮಾನಿನಂಥ ಕಂಬಿ. ಗಾಡಿ ಮಗುಚಿದರೆ ಅದು ನೆಲಕ್ಕೆ ಊರಿ ನಿಲ್ಲುತ್ತದೆ, ಸವಾರನಿಗೆ ಉಸಿರಾಡುವಷ್ಟು ಜಾಗ ಉಳಿಯುತ್ತದೆ.

ಗಾಡಿ ಕಂಪನಿಗಳು ಒಪ್ಪಲಿಲ್ಲ. ಕ್ವಾಡ್ ಅಂದರೆ ಸವಾರ ಮೈ ಆಡಿಸಿ ಓಡಿಸುವ ಗಾಡಿ, ಈ ಕಂಬಿಯೇ ಬಡಿದು ಬೇರೆ ಗಾಯ ಮಾಡಬಹುದು, ಹೆಲ್ಮೆಟ್ ಮತ್ತು ತರಬೇತಿಯೇ ಪರಿಹಾರ ಅನ್ನುವುದು ಅವರ ವಾದ. ಹೋಂಡಾ, ಯಮಹಾ ಅಲ್ಲಿನ ಸಾಮಾನ್ಯ ಬಳಕೆಯ ಕ್ವಾಡ್ ಮಾರುಕಟ್ಟೆಯನ್ನೇ ಬಿಟ್ಟವು. ಸುರಕ್ಷಾ ತಜ್ಞರ ಉತ್ತರವೂ ನೇರ: ಮೈಮೇಲೆ ಹಾಕುವ ರಕ್ಷಣೆ ಯಾವಾಗಲೂ ಕೊನೆಯ ಸಾಲು. ಜನ ಅದನ್ನು ಮರೆಯುತ್ತಾರೆ, ಸೆಕೆ ಅಂತ ತೆಗೆದಿಡುತ್ತಾರೆ. ಗಾಡಿಗೆ ಬಿಗಿದ ಸಾಧನ ಹಾಗೆ ಮರೆತುಹೋಗುವುದಿಲ್ಲ.

ಎದೆಯ ಮೇಲೆ ಬೀಳುವ ಭಾರದ ಬಗ್ಗೆ ತಜ್ಞರ ಮಾತೇ ಸರಿ. ಮುನ್ನೂರು ಕಿಲೋ ತಡೆದು ಹಿಡಿಯುವ ಜಾಕೆಟ್ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಆ ನಿಯಮದಲ್ಲೇ ಒಂದು ಬಿಟ್ಟ ಜಾಗ ಇದೆ. ಕಂಬಿಯ ಕಡ್ಡಾಯ ಸ್ಪೋರ್ಟ್ಸ್ ಕ್ವಾಡ್‌ಗೂ ಇಲ್ಲ, ಮಕ್ಕಳ ಕ್ವಾಡ್‌ಗೂ ಇಲ್ಲ. ಅಂದರೆ ಮೋಜಿಗೆ ಓಡಿಸುವವರ ಪಾಲಿಗೆ ಅಲ್ಲೂ ಉಳಿದದ್ದು ಎರಡೇ: ಓಡಿಸುವ ರೀತಿ ಮತ್ತು ಮೈಮೇಲೆ ಹಾಕುವ ಕವಚ. ನಮ್ಮ ರೆಸಾರ್ಟುಗಳಲ್ಲಿ ಇರುವ ಪರಿಸ್ಥಿತಿಯೂ ಇದೇ.

ಹೆಲ್ಮೆಟ್: ಗುರುತು ಒಂದು, ಅಳತೆ ಇನ್ನೊಂದು

ಕವಚ ಭಾರ ತಡೆಯದಿರಬಹುದು, ಪೆಟ್ಟು ತಡೆಯುತ್ತದೆ. ಅದರಲ್ಲೂ ತಲೆಯ ಪೆಟ್ಟು. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ ಎಟಿವಿ ಸವಾರರು ಹೆಲ್ಮೆಟ್ ಹಾಕಿದರೆ ಸಾವಿನ ಸಾಧ್ಯತೆ ಶೇ 42ರಷ್ಟು ಕಡಿಮೆ. ಸಾವು ತರದ ತಲೆಗಾಯ ಶೇ 64ರಷ್ಟು ಕಡಿಮೆ. ಬೇರೆ ಯಾವ ಕವಚದ ಬಗ್ಗೆಯೂ ಇಷ್ಟು ದೊಡ್ಡ ಲಾಭ ಹೇಳಲು ಆಗುವುದಿಲ್ಲ. ಹಾಗಾಗಿ ಕೈಯಲ್ಲಿರುವ ದುಡ್ಡು ಮೊದಲು ಹೋಗಬೇಕಾದ್ದು ಇದಕ್ಕೆ.

ಈಗ ಗುರುತುಗಳ ವಿಷಯ. ಡಾಟ್ ಅಮೆರಿಕದ್ದು. ಅಲ್ಲಿ ತಯಾರಕರೇ ತಮ್ಮ ಹೆಲ್ಮೆಟ್ ಮಾನದಂಡಕ್ಕೆ ಸರಿಯಿದೆ ಅಂತ ಘೋಷಿಸಿ ಗುರುತು ಹಚ್ಚುತ್ತಾರೆ. ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಕೆಲವನ್ನು ಎತ್ತಿ ಪರೀಕ್ಷೆ ಮಾಡುತ್ತದೆ. ಹಾಗಾಗಿ ಬರೀ ಡಾಟ್ ಸ್ಟಿಕ್ಕರ್ ನೋಡಿ ನಂಬುವುದು ಕಷ್ಟ, ಸ್ಟಿಕ್ಕರ್ ನಕಲು ಮಾಡುವುದು ಬಲು ಸುಲಭ. ಇಸಿಇ ಯುರೋಪಿನದ್ದು. ಅಲ್ಲಿ ಮಾರಾಟಕ್ಕೆ ಮೊದಲೇ ಹೊರಗಿನ ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. ಅದರ ಹೊಸ ಆವೃತ್ತಿ 22.06. ತಲೆ ನೇರ ಬಡಿದಾಗ ಮಾತ್ರವಲ್ಲ, ಓರೆಯಾಗಿ ಬಡಿದು ಗಿರಕಿ ಹೊಡೆದಾಗ ಏನಾಗುತ್ತದೆ ಅಂತಲೂ ಇದರಲ್ಲಿ ನೋಡುತ್ತಾರೆ. ಮಿದುಳಿಗೆ ಆಗುವ ಗಂಭೀರ ಹಾನಿಯಲ್ಲಿ ಈ ಗಿರಕಿಯ ಪಾತ್ರ ದೊಡ್ಡದು. ಐಎಸ್‌ಐನಲ್ಲಿ ಬಿಐಎಸ್ ಲೈಸೆನ್ಸ್ ಬೇಕು. ಗುರುತಿನ ಮೇಲೆ ಐಎಸ್ 4151 ಅಂತಲೂ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರೂ ಇರುತ್ತದೆ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಎರಡು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಅಂದರೆ ಅಸಲಿ ಇಸಿಇ 22.06 ಹೆಲ್ಮೆಟ್ ಐಎಸ್‌ಐ ಇಲ್ಲದ ಕಾರಣಕ್ಕೆ ಕೆಟ್ಟದ್ದಾಗುವುದಿಲ್ಲ. ಅದನ್ನು ತೋಟದೊಳಗೆ ಹಾಕಬಹುದು. ಅದೇ ಹೆಲ್ಮೆಟ್ ಹಾಕಿ ಬೈಕ್ ಹತ್ತಿ ರಸ್ತೆಗೆ ಬಂದರೆ ಮಾತ್ರ ಕಾನೂನಿನ ತಕರಾರು. ಎರಡೂ ಗುರುತು ಇರುವ ಹೆಲ್ಮೆಟ್ ಭಾರತದ ಕಂಪನಿಗಳೇ ಮಾಡುತ್ತವೆ. ಹೊಸದಾಗಿ ಕೊಳ್ಳುವವರಿಗೆ ಅದೇ ತಲೆನೋವಿಲ್ಲದ ದಾರಿ. ನಮ್ಮ ಬೆಳಗಾವಿಯ ವೇಗಾದಂಥ ತಯಾರಕರು ಮುಂದಕ್ಕೆ ಚಾಚಿದ ಗಲ್ಲ, ಮೇಲೆ ಟೋಪಿಯಂಥ ಪಟ್ಟಿ ಇರುವ ಆಫ್‌ರೋಡ್ ಮಾದರಿಗಳನ್ನೂ ಮಾಡುತ್ತಾರೆ.

ಆದರೆ ಗುರುತಿನ ಜಗಳದಲ್ಲಿ ಎಲ್ಲರೂ ಮರೆಯುವ ವಿಷಯ ಆಕಾರ. ಐಎಸ್‌ಐ ಗುರುತು ಗಲ್ಲ ಮುಚ್ಚದ ಹೆಲ್ಮೆಟ್‌ಗೂ ಸಿಗುತ್ತದೆ. ಕ್ವಾಡ್ ಮಗುಚಿದಾಗ ಮುಖ ಹ್ಯಾಂಡಲ್‌ಗೆ ಬಡಿಯಬಹುದು, ಕಲ್ಲಿಗೆ ಬಡಿಯಬಹುದು. ಗಲ್ಲದ ಪಟ್ಟಿ ಇಲ್ಲದಿದ್ದರೆ ದವಡೆ, ಹಲ್ಲು ಬಯಲಲ್ಲಿ. ಇಸಿಇ 22.06 ಲೇಬಲ್‌ನಲ್ಲಿ ಇದಕ್ಕೂ ಸುಳಿವಿದೆ. ಪಿ ಅಂತಿದ್ದರೆ ಗಲ್ಲದ ಪಟ್ಟಿ ರಕ್ಷಣೆ ಕೊಡುತ್ತದೆ, ಎನ್‌ಪಿ ಅಂದರೆ ಪಟ್ಟಿ ಇದ್ದರೂ ರಕ್ಷಣೆ ಇಲ್ಲ, ಜೆ ಅಂದರೆ ಗಲ್ಲ ತೆರೆದದ್ದು.

ಅಳತೆ ಸರಿ ಇಲ್ಲದಿದ್ದರೆ ಎಂಥ ಗುರುತಿದ್ದರೂ ವ್ಯರ್ಥ. ಹುಬ್ಬಿನ ಸ್ವಲ್ಪ ಮೇಲೆ ಟೇಪ್ ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿ. ಹಾಕಿದಾಗ ಕೆನ್ನೆ ಒತ್ತಬೇಕು, ಹಣೆಯಲ್ಲಿ ಒಂದೇ ಕಡೆ ನೋಯಬಾರದು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ದೂಡಿ ನೋಡಿ. ಹೆಲ್ಮೆಟ್ ಹಣೆ ಮೇಲಿಂದ ಕಳಚಿ ಬಂದರೆ ಅದು ನಿಮ್ಮದಲ್ಲ. ಒಳಗಿನ ಥರ್ಮಾಕೋಲ್‌ನಂಥ ಪದರ ಒಂದೇ ಸಲ ಕೆಲಸ ಮಾಡುತ್ತದೆ. ಅದು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ, ಮತ್ತೆ ಉಬ್ಬುವುದಿಲ್ಲ. ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರಬಹುದು. ಬಾಡಿಗೆ ಹೆಲ್ಮೆಟ್‌ಗಳ ದೊಡ್ಡ ಸಮಸ್ಯೆ ಇದೇ: ಮೊದಲು ಯಾರ ತಲೆಯಲ್ಲಿದ್ದಾಗ ಏನಾಗಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಕಣ್ಣು

ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಸರು, ತೋಟದಲ್ಲಿ ಕಣ್ಣಿನ ಮಟ್ಟಕ್ಕೇ ಬರುವ ಕಾಫಿ ರೆಂಬೆ. ಕೂಲಿಂಗ್ ಗ್ಲಾಸ್ ಸಾಲದು. ಪಕ್ಕದಿಂದ ಧೂಳು ನುಗ್ಗುತ್ತದೆ, ಕಲ್ಲು ಬಡಿದರೆ ಚೂರು ಕಣ್ಣಿಗೇ ಬೀಳಬಹುದು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ಸುತ್ತ ಸ್ಪಂಜು ಇರುವ ಗಾಗಲ್ಸ್ ಬೇಕು. ಕನ್ನಡಕ ಹಾಕುವವರಿಗೆ ಕನ್ನಡಕದ ಮೇಲೆಯೇ ಕೂರುವ ಅಗಲದ ಮಾದರಿ ಸಿಗುತ್ತದೆ. ಕಣ್ಣಲ್ಲಿ ಧೂಳು ಬಿದ್ದ ಕ್ಷಣ ಕೈ ತಾನಾಗಿ ಹ್ಯಾಂಡಲ್ ಬಿಡುತ್ತದೆ, ಪಲ್ಟಿ ಆಗಲು ಅಷ್ಟು ಸಾಕು.

ಕಾಲು ಮತ್ತು ಕೈ

ಬೈಕ್ ಓಡಿಸಿ ಅಭ್ಯಾಸ ಇರುವವರು ಕ್ವಾಡ್‌ನಲ್ಲಿ ಮಾಡುವ ದೊಡ್ಡ ತಪ್ಪು ಕಾಲು ಕೆಳಗೆ ಇಡುವುದು. ಬೈಕ್ ವಾಲಿದರೆ ಕಾಲು ಊರುತ್ತೇವೆ, ಅಲ್ವಾ? ಕ್ವಾಡ್ ವಾಲಿದಾಗಲೂ ಅದೇ ಆಗುತ್ತದೆ. ಆದರೆ ಇಲ್ಲಿ ಕಾಲಿನ ಹಿಂದೆಯೇ ಅಗಲವಾದ ಹಿಂದಿನ ಚಕ್ರ ಇದೆ. ಊರಿದ ಪಾದವನ್ನು ಅದು ಹಿಡಿದು ಹಿಂದಕ್ಕೆ ಎಳೆಯುತ್ತದೆ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಮುರಿಯುತ್ತದೆ. ಕಾಲು ಫುಟ್‌ರೆಸ್ಟ್ ಮೇಲೇ ಇರಬೇಕು. ಅಲ್ಲೇ ಇರಬೇಕೆಂದರೆ ಜಾರಬಾರದು. ಹಾಗಾಗಿ ಚಪ್ಪಲಿ, ಫ್ಲೋಟರ್ ಖಂಡಿತ ಬೇಡ. ಪಾದದ ಗಂಟಿನ ಮೇಲೆ ಬರುವ, ಗಟ್ಟಿ ಅಡಿಯ, ಲೇಸ್ ಒಳಗೆ ಸಿಕ್ಕಿಸಿದ ಬೂಟು ಬೇಕು. ತೋಟದಲ್ಲಿ ಹಾಕುವ ಸಡಿಲ ಗಮ್‌ಬೂಟು ಕೆಸರಿಗೆ ಚೆನ್ನ, ಆದರೆ ಗಂಟಿಗೆ ಆಸರೆ ಕೊಡುವುದಿಲ್ಲ. ವಾರಕ್ಕೊಮ್ಮೆ ಕಾಡುದಾರಿ ಹಿಡಿಯುವವರು ಮೋಟೋಕ್ರಾಸ್ (ಮಣ್ಣುದಾರಿಯ ಬೈಕ್ ರೇಸ್) ಬೂಟನ್ನೇ ಕೊಳ್ಳುವುದು ಒಳ್ಳೆಯದು. ದುಬಾರಿ ನಿಜ, ಆದರೆ ಪಾದದ ಗಂಟು ಮುರಿದು ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು.

ಕೈಗವಸಿನ ವಿಷಯದಲ್ಲಿ ಕ್ವಾಡ್‌ಗೇ ಸೇರಿದ ಒಂದು ಸಂಗತಿ ಇದೆ. ಬೈಕಿನಲ್ಲಿ ಆ್ಯಕ್ಸಿಲರೇಟರ್ ತಿರುಗಿಸುತ್ತೇವೆ. ಬಹುತೇಕ ಕ್ವಾಡ್‌ನಲ್ಲಿ ಅದನ್ನು ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ಮೊದಲ ಸಲ ಓಡಿಸುವವರು ಹೆದರಿದಾಗ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾರೆ, ಹೆಬ್ಬೆರಳು ತಾನಾಗಿ ಒತ್ತುತ್ತದೆ, ಗಾಡಿ ಮುಂದೆ ಹಾರುತ್ತದೆ. ದಪ್ಪ ಚರ್ಮದ ರಸ್ತೆ ಬೈಕಿನ ಗ್ಲೌಸ್ ಹಾಕಿದರೆ ಎಷ್ಟು ಒತ್ತುತ್ತಿದ್ದೇವೆ ಅಂತಲೇ ತಿಳಿಯುವುದಿಲ್ಲ. ಅಂಗೈ ತೆಳ್ಳಗೆ, ಬೆರಳ ಗೆಣ್ಣಿನ ಮೇಲೆ ಗಟ್ಟಿ ಇರುವ ಆಫ್‌ರೋಡ್ ಗ್ಲೌಸ್ ಸರಿ. ಬೆರಳು ಪೂರ್ತಿ ಮುಚ್ಚಿರಬೇಕು. ಲಂಟಾನ ಪೊದೆ ಸವರಿಕೊಂಡು ಹೋದವರಿಗೆ ಕಾರಣ ಹೇಳಬೇಕಿಲ್ಲ.

ಬಟ್ಟೆ ಉದ್ದ ತೋಳಿನದು, ಪೂರ್ತಿ ಕಾಲು ಮುಚ್ಚುವುದು. ದುಪಟ್ಟಾ, ಶಾಲು, ಸೀರೆ ಸೆರಗು ಯಾವುದೂ ಬೇಡ. ಚೈನ್ ಇರುವ ಕ್ವಾಡ್‌ನಲ್ಲಿ ಅದು ಸಿಕ್ಕಿಕೊಂಡರೆ ಕತ್ತಿಗೇ ಉರುಳು.

ಎದೆ ಕವಚದಲ್ಲಿ ಎರಡು ಜಾತಿ

ಆನ್‌ಲೈನಿನಲ್ಲಿ ಎದೆ ಕವಚ ಅಂತ ಹುಡುಕಿದರೆ ನೋಡಲು ಒಂದೇ ತರಹದ ಹತ್ತಾರು ಸಿಗುತ್ತವೆ. ಒಳಗೆ ಅವು ಒಂದೇ ಅಲ್ಲ. ಮುಂದಿನ ಗಾಡಿಯ ಚಕ್ರದಿಂದ ಸಿಡಿಯುವ ಕಲ್ಲು ತಡೆಯಲು ಮಾಡಿದ್ದು ಒಂದು ಬಗೆ. ಯುರೋಪಿನ ಲೆಕ್ಕದಲ್ಲಿ ಅದಕ್ಕೆ ಇಎನ್ 14021 ಅಂತ ಗುರುತು. ಗಟ್ಟಿ ಪ್ಲಾಸ್ಟಿಕ್, ಒಳಗೆ ತೆಳು ಸ್ಪಂಜು. ಬಿದ್ದಾಗಿನ ಪೆಟ್ಟು ತಡೆಯಲು ಮಾಡಿದ್ದು ಇನ್ನೊಂದು. ಅದರಲ್ಲಿ ಬೆನ್ನಿಗೆ ಇಎನ್ 1621-2, ಎದೆಗೆ ಇಎನ್ 1621-3, ಮೊಣಕೈ ಮೊಣಕಾಲಿಗೆ ಇಎನ್ 1621-1. ಬೆನ್ನಿನ ಕವಚದಲ್ಲಿ ಲೆವೆಲ್ 1 ಅಂದರೆ ಪರೀಕ್ಷೆಯ ಪೆಟ್ಟಿನಲ್ಲಿ ಸರಾಸರಿ 18 ಕಿಲೋನ್ಯೂಟನ್ (ಬಲದ ಅಳತೆ) ಮೀರದಷ್ಟು ಒಳಗೆ ದಾಟಬಹುದು. ಲೆವೆಲ್ 2ರಲ್ಲಿ 9 ಮೀರಬಾರದು. ಅಂದರೆ ಮೈಗೆ ತಲುಪುವ ಪೆಟ್ಟಿನ ಮಿತಿ ಅರ್ಧಕ್ಕೆ ಇಳಿಯುತ್ತದೆ.

ಕಲ್ಲು ತಡೆಯುವ ಕವಚ ಹಾಕಿ ಬೆನ್ನುಮೂಳೆಗೂ ರಕ್ಷಣೆ ಇದೆ ಅಂದುಕೊಂಡರೆ ಅಪಾಯ. ಸವಾರನಿಗೆ ಧೈರ್ಯ ಬರುತ್ತದೆ, ಏರು ಜಾಸ್ತಿ ಇರುವ ಕಡೆಗೆ ಗಾಡಿ ತಿರುಗುತ್ತದೆ, ಕವಚಕ್ಕೆ ಆ ಶಕ್ತಿ ಇಲ್ಲ. ಕೊಳ್ಳುವ ಮೊದಲು ಒಳಗಿನ ಲೇಬಲ್ ಓದಿ. ಲೇಬಲ್ಲೇ ಇಲ್ಲದ ಕವಚವನ್ನು ಕಲ್ಲು ತಡೆಯುವುದು ಅಂತಲೇ ಲೆಕ್ಕ ಹಾಕಿ.

ಕುತ್ತಿಗೆ ಪಟ್ಟಿಯ ಬಗ್ಗೆ ಸವಾರರಲ್ಲೇ ಎರಡು ಮಾತಿದೆ. ಈ ಸಾಧನವನ್ನು ಜನಪ್ರಿಯ ಮಾಡಿದ್ದು ದಕ್ಷಿಣ ಆಫ್ರಿಕಾದ ವೈದ್ಯ ಕ್ರಿಸ್ ಲೀಟ್. ತಲೆ ವಿಪರೀತ ಬಾಗದ ಹಾಗೆ ಅದು ಹೆಲ್ಮೆಟ್‌ನ ಅಂಚನ್ನು ತಡೆಯುತ್ತದೆ, ಭಾರವನ್ನು ಭುಜ, ಎದೆ, ಬೆನ್ನಿಗೆ ಹಂಚುತ್ತದೆ. ಹಾಗೆ ಹಂಚುವುದರಿಂದಲೇ ಕಾಲರ್ ಬೋನ್‌ಗೆ, ಬೆನ್ನಿನ ಮೇಲ್ಭಾಗಕ್ಕೆ ಪೆಟ್ಟಾಗಬಹುದು ಅನ್ನುವುದು ಒಪ್ಪದವರ ವಾದ. ಹೆಲ್ಮೆಟ್ ಮತ್ತು ಎದೆ ಕವಚ ಎರಡಕ್ಕೂ ಹೊಂದಿಕೊಂಡು ಕೂತರೆ ಮಾತ್ರ ಅದಕ್ಕೆ ಅರ್ಥ. ಜಿಗಿತ, ವೇಗ, ರೇಸ್ ಇರುವವರು ಯೋಚಿಸಲಿ. ವರ್ಷಕ್ಕೆ ಎರಡು ಸಲ ಓಡಿಸುವವರು ಆ ದುಡ್ಡನ್ನು ಬೂಟಿಗೆ ಹಾಕಲಿ.

ಸೆಕೆಯ ಮಾತು

ಇಷ್ಟೆಲ್ಲ ಹಾಕಿದರೆ ಏಪ್ರಿಲ್ ಬಿಸಿಲಲ್ಲಿ ಬೆಂದುಹೋಗುತ್ತೇವೆ ಅನ್ನುವುದು ಸುಳ್ಳಲ್ಲ. ನ್ಯೂಜಿಲೆಂಡಿನಲ್ಲಿ ಕ್ವಾಡ್ ಸವಾರರಿಗೆಂದೇ ಹಗುರ ಹೆಲ್ಮೆಟ್‌ನ ಬೇರೆ ಮಾನದಂಡ ಇದೆ. ನಿಧಾನ ಓಡಿಸುವ ರೈತರಿಗಾಗಿ ಮಾಡಿದ್ದು. ಭಾರದ ಹೆಲ್ಮೆಟ್ ಅಂತ ಯಾರೂ ಹಾಕದೆ ಇರುವುದಕ್ಕಿಂತ ಹಗುರದ್ದನ್ನಾದರೂ ಹಾಕಲಿ ಎಂಬುದು ಅದರ ಹಿಂದಿನ ಲೆಕ್ಕ. ಕೆಲಸದ ಗಾಡಿಗೆ ಆ ಲೆಕ್ಕ ಒಪ್ಪಬಹುದು. ಮೋಜಿನ ಸವಾರಿಗೆ ಒಪ್ಪುವುದು ಕಷ್ಟ. ಇಲ್ಲಿ ಜನ ವೇಗಕ್ಕೇ ಬರುತ್ತಾರೆ, ಸವಾರಿಯೂ ಅರ್ಧ ಗಂಟೆಯದು. ಗಾಳಿಕಿಂಡಿ ಜಾಸ್ತಿ ಇರುವ ಆಫ್‌ರೋಡ್ ಹೆಲ್ಮೆಟ್, ಜಾಳಿಗೆ ಬಟ್ಟೆಯ ಜೆರ್ಸಿ, ಬೆಳಗಿನ ಹೊತ್ತು, ಬಾಟಲಿ ನೀರು. ಇಷ್ಟು ಹೊಂದಿಸಿಕೊಂಡರೆ ಸೆಕೆ ತಡೆಯಬಹುದು.

ಮುಂದೇನಾಗಬಹುದು?

ಐಎಸ್‌ಐ ಬಗ್ಗೆ ಬಿಗಿ ಹೆಚ್ಚಿದರೆ ಗುರುತಿಲ್ಲದ ಆಮದು ಹೆಲ್ಮೆಟ್‌ಗಳು ಅಂಗಡಿಗಳಲ್ಲಿ ಕಡಿಮೆಯಾಗುತ್ತವೆ. ನಕಲಿ ಡಾಟ್ ಸ್ಟಿಕ್ಕರ್‌ನವು ಹೋದರೆ ಒಳ್ಳೆಯದೇ. ಅವುಗಳ ಜೊತೆ ಕೆಲವು ಅಸಲಿ ಇಸಿಇ ಮಾದರಿಗಳೂ ಸಿಗದೆ ಹೋಗಬಹುದು. ಎರಡು ಹೆಲ್ಮೆಟ್‌ನ ಕರಡು ನಿಯಮವಾದರೆ ಮನೆಮನೆಯಲ್ಲಿ ಬಳಸದ ಹೆಲ್ಮೆಟ್ ಉಳಿಯುತ್ತದೆ. ಅವುಗಳಲ್ಲಿ ಎಷ್ಟೋ ಗಲ್ಲ ತೆರೆದ ಅಗ್ಗದವು ಇರಬಹುದು. ಅವೇ ರೆಸಾರ್ಟಿನ ಮೊಳೆಗೆ ನೇತುಬಿದ್ದರೆ "ಐಎಸ್‌ಐ ಇದೆಯಲ್ಲ" ಎಂಬ ಉತ್ತರ ಸಿಗುತ್ತದೆ. ಐರ್ಲೆಂಡ್ 2023ರ ನವೆಂಬರ್‌ನಿಂದ ಕೆಲಸಕ್ಕೆ ಕ್ವಾಡ್ ಬಳಸುವವರಿಗೆ ತರಬೇತಿ ಮತ್ತು ಹೆಲ್ಮೆಟ್ ಎರಡನ್ನೂ ಕಡ್ಡಾಯ ಮಾಡಿತು. ಹೆಲ್ಮೆಟ್ ಜೊತೆ ತರಬೇತಿಯನ್ನೂ ಸೇರಿಸಿದ್ದು ಸರಿಯಾದ ಕ್ರಮ. ನಮ್ಮಲ್ಲಿ ಬಾಡಿಗೆ ಕ್ವಾಡ್ ಓಡಿಸುವ ಮೊದಲು ಹತ್ತು ನಿಮಿಷ ಸಮತಟ್ಟು ಜಾಗದಲ್ಲಿ ತಿರುವು, ಬ್ರೇಕ್ ಅಭ್ಯಾಸ ಮಾಡಿಸಿ ಅಂತ ಸವಾರರೇ ಕೇಳಬೇಕು.

ಮಕ್ಕಳಿಗೆ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದ ಒಳಗಿನವರು ಎಟಿವಿ ಓಡಿಸಲೇಬಾರದು ಅನ್ನುತ್ತದೆ. ಗಾಡಿ ಕಂಪನಿಗಳು ವಯಸ್ಸಿಗೆ ತಕ್ಕ ಸಣ್ಣ ಎಂಜಿನ್ ಇದ್ದರೆ ಆಗಬಹುದು ಅನ್ನುತ್ತವೆ. ಆದರೆ ಮಕ್ಕಳು ದೊಡ್ಡವರ ಗಾಡಿ ಓಡಿಸಬಾರದು ಅನ್ನುವುದರಲ್ಲಿ ಎರಡೂ ಕಡೆಯವರಿಗೆ ಒಮ್ಮತ ಇದೆ. ನಮ್ಮಲ್ಲಿ ಜಾಸ್ತಿ ಕಾಣುವುದು ಇನ್ನೊಂದು ದೃಶ್ಯ. ಅಪ್ಪ ಓಡಿಸುತ್ತಾರೆ, ಮಗು ಮುಂದೆ ಕೂತಿರುತ್ತದೆ, ತಲೆಯ ಮೇಲೆ ದೊಡ್ಡವರ ಹೆಲ್ಮೆಟ್ ಅಲ್ಲಾಡುತ್ತಿರುತ್ತದೆ. ಮಗು ಮುಂದಿದ್ದರೆ ಅಪ್ಪನಿಗೆ ಮೈ ವಾಲಿಸಲು ಆಗುವುದಿಲ್ಲ. ಗಾಡಿ ಗಕ್ಕನೆ ನಿಂತರೆ ಮಗುವಿನ ಎದೆ ಹ್ಯಾಂಡಲ್‌ಗೆ ಬಡಿಯುತ್ತದೆ, ಹಿಂದಿನಿಂದ ಅಪ್ಪನ ಭಾರವೂ ಬೀಳುತ್ತದೆ. ಸಡಿಲ ಹೆಲ್ಮೆಟ್ ಎಳೆಯ ಕುತ್ತಿಗೆಯನ್ನು ಎಳೆಯುತ್ತದೆ. ಒಬ್ಬರೇ ಕೂರುವ ಗಾಡಿಯಾ, ಇಬ್ಬರದ್ದಾ ಅಂತ ಗಾಡಿಗೆ ಅಂಟಿಸಿದ ಎಚ್ಚರಿಕೆ ಲೇಬಲ್‌ನಲ್ಲೇ ಬರೆದಿರುತ್ತದೆ. ಟಿಕೆಟ್ ತೆಗೆದುಕೊಳ್ಳುವ ಮೊದಲು ಅದನ್ನು ಓದಿ. ಲೇಬಲ್ ಕಿತ್ತುಹೋಗಿದ್ದರೆ ಒಬ್ಬರದ್ದೇ ಅಂತ ತಿಳಿದು ಮಗುವನ್ನು ಹೊರಗೆ ನಿಲ್ಲಿಸಿ.